ಮುಗಿಸೋದನ್ನ ಕಲಿತದ್ದು

ನಮ್ಮ ಸಂಘಟನೆಯ ಹಳೇ ಅರ್ಜಿ, ಕರಪತ್ರಗಳೆಲ್ಲ ಹಳೇ ನುಡಿ ಫಾಂಟಿನಲ್ಲಿವೆ. ಮೊಬೈಲಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅವನ್ನು ಯೂನಿಕೋಡಿಗೆ ತಿರುಗಿಸೋ ಸಣ್ಣ ಪ್ರೋಗ್ರಾಂ ಒಂದನ್ನ 2019ರಲ್ಲಿ ಶುರು ಮಾಡಿದೆ. ಹದಿನೈದೇ ದಿನಕ್ಕೆ ಹೆಚ್ಚುಕಮ್ಮಿ ಕೆಲಸ ಮಾಡ್ತಿತ್ತು. ಆದರೂ ನಾಲ್ಕು ವರ್ಷ ಯಾರಿಗೂ ಕೊಡಲಿಲ್ಲ.

ಮೊದಲು ಅರ್ಕಾವತ್ತಿನ ನೆಪ. ಹಳೇ ಫಾಂಟಲ್ಲಿ ಅದು ಅಕ್ಷರದ ನಂತರ ಬರುತ್ತೆ, ಯೂನಿಕೋಡಲ್ಲಿ ಮೊದಲು ಬರಬೇಕು. ತಪ್ಪಿದರೆ ‘ಅರ್ಜಿ’ ಹೋಗಿ ‘ಅಜಿರ್’ ಆಗುತ್ತೆ. ಅದು ಸರಿಹೋಗೋ ಹೊತ್ತಿಗೆ ಆ್ಯಪ್ ಬೇಕು, ಲೋಗೋ ಬೇಕು, ಪಿಡಿಎಫ್ ಕೂಡ ಓದಬೇಕು ಅಂತ ಆಸೆ ಬೆಳೀತು.

ನಿಜವಾದ ಕಾರಣ ಭಯ. ಬೇರೆಯವರ ಕೋಡಲ್ಲಿ ತಪ್ಪಿದ್ದರೆ ಅದು ಕೋಡಿನ ತಪ್ಪು. ನಮ್ಮದರಲ್ಲಿ ಇದ್ದರೆ ‘ಕೋಟಾದಲ್ಲಿ ಬಂದವ್ನು, ಇನ್ನೇನು’ ಅನ್ನೋ ಮಾತು. ಕಾಲೇಜಲ್ಲಿ ಒಂದು ಸಲ ಕಿವಿಗೆ ಬಿದ್ದದ್ದು, ಇನ್ನೂ ಹೋಗಿಲ್ಲ.

ಸಂಘಟನೆಯ ಹಿರಿಯಣ್ಣ ಒಬ್ರು ಸಿಕ್ಕಾಗೆಲ್ಲ, “ಏನಾಯ್ತಪ್ಪ ನಿನ್ನ ಸಾಫ್ಟ್‌ವೇರು?” ಅಂತಿದ್ರು. “ಇನ್ನೊಂಚೂರು ಇದೆ ಅಣ್ಣ” ಅಂತಿದ್ದೆ. ಒಂದಿನ ಮೊಬೈಲ್ ತೋರಿಸಿದ್ರು. ಹಳೇ ಅರ್ಜಿಗಳ ಮೂವತ್ತು ಪುಟ ಒಂದೇ ಬೆರಳಲ್ಲಿ ಕುಟ್ಟಿದ್ರು. “ನಿಂದಾಗೋವರೆಗೂ ಕಾಯೋಕಾಗಲಿಲ್ಲ ಕಣಪ್ಪ” ಅಂದ್ರು. ಬೈದಿದ್ರೆ ಅಷ್ಟು ನಾಚಿಕೆ ಆಗ್ತಿರಲಿಲ್ಲ.

ಆ ರಾತ್ರಿ ಆ್ಯಪು, ಲೋಗೋ, ಪಿಡಿಎಫ್ ಎಲ್ಲ ಕಿತ್ತುಹಾಕಿದೆ. ಉಳಿದದ್ದು ಒಂದು ಪುಟ, ಎರಡು ಖಾನೆ. ಮೇಲೆ ಹಳೇದನ್ನ ಹಾಕಿದರೆ ಕೆಳಗೆ ಯೂನಿಕೋಡ್. ತಪ್ಪುಗಳನ್ನೂ ನಾನೇ ಮೊದಲು ಬರೆದೆ: ಟೇಬಲ್ ಬರಲ್ಲ, ನಡುವೆ ಇಂಗ್ಲಿಷ್ ಇದ್ದರೆ ಅದೂ ಕನ್ನಡಕ್ಕೆ ತಿರುಗಿ ಕೆಡುತ್ತೆ. ಹೆಸರಿನ ಮುಂದೆ 0.1 ಅಂತ ಹಾಕಿದೆ. ಕೋಡನ್ನ ಗಿಟ್‌ಹಬ್‌ಗೆ ಏರಿಸಿ, ಗ್ರೂಪಿಗೆ ಲಿಂಕ್ ಕಳಿಸಿ, ಮೊಬೈಲ್ ಬೋರಲು ಹಾಕಿ ಮಲಗಿದೆ.

ಬೆಳಿಗ್ಗೆ ಮೂರು ಮೆಸೇಜ್. ಎರಡರಲ್ಲಿ ತಪ್ಪು ತೋರಿಸಿದ್ರು. ನಾಲ್ಕು ವರ್ಷ ನಾನೊಬ್ಬನೇ ಹುಡುಕಿದರೂ ಸಿಗದ ತಪ್ಪುಗಳವು. ಯಾರೂ ನಗಲಿಲ್ಲ. ಮೂರನೇದು ಅಣ್ಣಂದು: “ಅರ್ಜಿ ಸರಿಯಾಗಿ ಬಂತು.”

ಲಿನಕ್ಸ್ ಕೂಡ 1991ರಲ್ಲಿ 0.01 ಅಂತಲೇ ಹೊರಬಂದದ್ದು. 1.0 ಆಗೋಕೆ 1994 ಬೇಕಾಯ್ತು. ಅಷ್ಟು ದಿನ ಅದು ಅರ್ಧಂಬರ್ಧವಾಗಿಯೇ ಜನರ ಕೈಯಲ್ಲಿತ್ತು, ಅದಕ್ಕೇ ಬೆಳೀತು.

ಈಗ ಏನೇ ಶುರು ಮಾಡಿದರೂ ‘ಇಷ್ಟಾದರೆ ಮುಗೀತು’ ಅನ್ನೋ ಒಂದು ಸಾಲನ್ನ ಮೊದಲು ಬರೀತೀನಿ. ಆಮೇಲೆ ಹುಟ್ಟೋ ಆಸೆಗಳೆಲ್ಲ ಬೇರೆ ಪಟ್ಟಿಗೆ, ಮುಂದಿನ ಸಲಕ್ಕೆ. ಲ್ಯಾಪ್‌ಟಾಪಲ್ಲಿ ಏನಾದರೂ ಬಚ್ಚಿಟ್ಟುಕೊಂಡಿರೋ ತಮ್ಮ ತಂಗಿಯರೇ, ಕುಂಟುತ್ತಿದ್ದರೂ ಪರವಾಗಿಲ್ಲ, ಹೊರಗೆ ಬಿಡಿ. ಯಾರೋ ಒಂದೇ ಬೆರಳಲ್ಲಿ ಕುಟ್ಟುತ್ತಾ ಕೂತಿರ್ತಾರೆ.

ಜೈಭೀಮ್.