ಗಾಡಿ ಚೀರತಿತ್ತು, ಅತ್ತಿಯವರು ಕೇಳಿಸ್ಕೊಂಡ್ರು

ಈ ವರ್ಷ ಮಳಿ ಹಿಡಿದಾಗಿನಿಂದ ನಮ್ಮ ಓಣಿಯವರಿಗೆ ಗಡಿಯಾರ ಬ್ಯಾಡಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ಮುಂಜಾನೆ ಐದೂವರಿಗೆ ಬರೋಬ್ಬರಿ ನಮ್ಮ ಕಾರು ಚೀರತಿತ್ತು. ಕೀಲಿ ತಿರುವಿ ಇಂಜಿನ್ ಚಾಲೂ ಆತಂದ್ರ ಕೀಂ... ಅಂತ, ಹಂದಿ ಹಿಡದಂಗ. ಒಂದು ನಿಮಿಷ ಚೀರಿ ತಾನ ಸುಮ್ಮಾಗತಿತ್ತು. ಎದುರುಮನಿ ಕಾಕೂ ಒಂದಿನ, "ನಿಮ್ಮ ಗಾಡಿ ಕೂಗಿದ ಮ್ಯಾಲೇ ನಾ ಹಾಲಿನ ಪಾಕೀಟ ತರ್ಲಿಕ್ಕೆ ಏಳೋದು ನೋಡವಾ" ಅಂದ್ರು. ನಾನೂ ನಕ್ಕೆ. ಆದ್ರ ಒಳಗ ಖಜೀಲಾತು.

ನಿಮಗೆಲ್ಲಾ ಗೊತ್ತದ, ನಮ್ಮ ಅತ್ತಿಯವರಿಗೆ ವಾರಕ್ಕ 3 ಸಲ ಡಯಾಲಿಸಿಸ್. ಒಮ್ಮೆ ಕೂತ್ರ 4 ತಾಸು. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ನಮ್ಮನಿಯವರ ನೌಕರಿ ಬ್ಯಾರೆ ಊರಾಗ, ಶನಿವಾರ ಸಂಜಿಗೆ ಬಂದ್ರ ಸೋಮವಾರ ನಸುಕಿಗೆ ಹೊಂಟರು. ಅದಕ್ಕ ನಾನು 47ನೇ ವಯಸ್ಸಿಗೆ ಗಾಡಿ ಕಲ್ತೆ. ಕಾರು ಮಾವನವರದು, 14 ವರ್ಷದ್ದು. ಮೊದಲು ಬಾಡಿಗಿ ಗಾಡಿಯೊಳಗ ಹೋಗತಿದ್ವಿ. ಒಂದಿನ ಆ ಹುಡುಗ ಕಡೀ ಗಳಿಗ್ಯಾಗ "ಬರಲಿಕ್ಕೆ ಆಗೂದಿಲ್ರಿ" ಅಂದ. ನಾವು ಹೋಗಿ ಮುಟ್ಟೋದ್ರಾಗ ತಡ ಆಗಿ, 4 ತಾಸಿನ ಬದಲಿ ಎರಡೂವರಿ ತಾಸಿಗೆ ಮುಗಿಸಿದ್ರು. ಅವತ್ತ ರಾತ್ರಿ ಅತ್ತಿಯವರಿಗೆ ಮಲಗಲಿಕ್ಕೆ ಬರಲಿಲ್ಲ. ದಿಂಬಿಗೆ ಒರಗಿ ಕೂತು ಮ್ಯಾಲುಸಿರು ಬಿಟ್ಕೋತ ಬೆಳಗ ಮಾಡಿದ್ರು. ಆಮ್ಯಾಲೆ ನಾ ಬಾಡಿಗಿ ಗಾಡಿ ನಂಬಲಿಲ್ಲ.

ಹಿಂಗಾಗಿ ಈ ಚೀರಾಟ ನನಗ ಬರೇ ಸಪ್ಪಳ ಆಗಿರಲಿಲ್ಲ. ಪ್ರತಿ ಸಲ ಕೀಲಿ ತಿರುವೂ ಮುಂದ ಎದಿ ಧಸಕ್ಕ ಅಂತಿತ್ತು. ಇವರಿಗೆ ಫೋನ್ ಮಾಡಿದ್ರ, "ತಂಡಿಗೆ ಹಂಗ ಆಗತದ, ಬಿಡು" ಅಂದ್ರು. ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ "ಬೆಲ್ಟ್ ಹೋಗೇತ್ರಿ" ಅಂತ ಹೊಸಾದು ಹಾಕಿ ಕೊಟ್ಟ. 3 ವಾರ ಸುಮ್ಮಿತ್ತು. ಮತ್ತ ಅದs ರಾಗ. ಮತ್ತ ಹೋದೆ. "ಡೈನಮೋ ಹೋಗೇತಿ, ಹೊಸಾದು ಹಾಕಬೇಕ್ರಿ. ಸಾಹೇಬ್ರನ್ನ ಕಳಸ್ರಿ, ಅವ್ರ ಜೋಡಿ ಮಾತಾಡ್ತೇನಿ" ಅಂದ. ಗಾಡಿ ಹೊಡಿಯಾಕಿ ನಾನು, ಸಪ್ಪಳ ಕೇಳಾಕಿ ನಾನು, ಮಾತು ಮಾತ್ರ ಸಾಹೇಬ್ರ ಜೋಡಿ! ರೊಕ್ಕದ ಲೆಕ್ಕಾ ಕೇಳಿ ಇವರು, "ಹಳೇ ಗಾಡಿ, ಮಾರಿಬಿಡೋಣು" ಅಂದ್ರು. ಅತ್ತಿಯವರು ಊಟಕ್ಕ ಕೂತಿದ್ರು. ಏನೂ ಅನ್ನಲಿಲ್ಲ, ರೊಟ್ಟಿ ಅರ್ಧಾ ಬಿಟ್ಟು ಎದ್ರು.

ಮುಂದಿನ ಗುರುವಾರ ಜಿಟಿಜಿಟಿ ಮಳಿ. ಶಾಲು ಹೊದ್ದು ಮುಂದಿನ ಸೀಟಿನ್ಯಾಗ ಕೂತಿದ್ರು. ಗಾಡಿ ಚೀರಿದ ಕೂಡಲೇ, "ಏ ಹುಡುಗಿ, ಇದು ಗಿರಣಿ ಪಟ್ಟಾದ ಸಪ್ಪಳ" ಅಂದ್ರು.

ಅವರ ತವರುಮನಿ ನವಲಗುಂದದ ಕಡೆ. ಅವರಪ್ಪ ಹಿಟ್ಟಿನ ಗಿರಣಿ ಇಟ್ಟಿದ್ರಂತ. ಮಳಿಗಾಲದಾಗ ಹಸೀ ಜ್ವಾಳ ತಂದು ಸುರುವಿದ್ರ ಕಲ್ಲು ಭಾರ ಆಗಿ, ಪಟ್ಟಾ ಜಾರಿ, ಹಿಂಗ ಚೀರತಿತ್ತಂತ. ಒಮ್ಮೆ ಹೊಸಾ ಪಟ್ಟಾ ಹಾಕಿದ್ರೂ ಚೀರಾಟ ನಿಂದರಲಿಲ್ಲ. ನೋಡಿದ್ರ ಮ್ಯಾಲಿನ ತಗಡು ಸೋರಿ ಅದರ ಮ್ಯಾಲ ಹನಿ ಬೀಳತಿದ್ವು. "ಪಟ್ಟಾಕ್ಕ ಬೈಬ್ಯಾಡ್ರಿ, ಅದರ ಮ್ಯಾಲ ಏನ್ ಬೀಳತದ ನೋಡ್ರಿ ಅಂತಿದ್ರು ನಮ್ಮಪ್ಪ" ಅಂದು ಕಣ್ಣು ಮುಚ್ಚಿ ಕೂತ್ರು.

ಉಣಕಲ್ ದಾಟೂತನಕಾ ನನಗ ಅದs ವಿಚಾರ. ಕಾರಿನೊಳಗೂ ಒಂದು ಸಣ್ಣ ಗಿರಣಿನೇ ಅದ ನೋಡ್ರಿ. ಇಂಜಿನ್ ತಿರುಗತದ, ಬೆಲ್ಟು ಆ ತಿರುಗಾಟನ್ನ ಡೈನಮೋಕ್ಕ ಮುಟ್ಟಸತದ. ನಮ್ಮ ಗಾಡಿಯೊಳಗ ಅದs ಬೆಲ್ಟು ಇಂಜಿನ್ ತಂಪು ಮಾಡೋ ನೀರಿನ ಪಂಪನ್ನೂ ತಿರುವತದ. ಇಂಜಿನ್ ಚಾಲೂ ಮಾಡೂ ಮುಂದ ಬ್ಯಾಟರಿ ಒಮ್ಮಿಂದೊಮ್ಮೆ ಭಾಳ ಕರೆಂಟ್ ಕೊಡತದ. ಅದನ್ನ ತುಂಬಿ ಕೊಡಲಿಕ್ಕೆ ಮೊದಲ ಒಂದೆರಡು ನಿಮಿಷ ಡೈನಮೋ ಜೋರ ದುಡೀಬೇಕು. ಹಸೀ ಜ್ವಾಳ ಸುರುವಿದಂಗ ಅದು. ಆಗ ಬೆಲ್ಟಿನ ಹಿಡಿತ ಕಡಿಮಿ ಇದ್ರ ಜಾರಿ ಚೀರತದ. ಭಾರ ಇಳದು, ಬೆಲ್ಟು ಬೆಚ್ಚಗಾತಂದ್ರ ಸುಮ್ಮಾಗತದ.

ಅವತ್ತಿಂದ ಹಾಲಿನ ಲೆಕ್ಕದ ಡೈರಿಯೊಳಗ ಬರದಿಡ್ಲಿಕ್ಕೆ ಹತ್ತಿದೆ. ಸಪ್ಪಳ ಕೀಲಿ ತಿರುವೂ ಮುಂದಲ್ಲ, ಇಂಜಿನ್ ಹತ್ತಿದ ಮ್ಯಾಲೆ. (ತಿರುವೂ ಮುಂದ ಕರ್ ಕರ್ ಅಂತ ಹಲ್ಲು ಕಡಿದಂಗ ಬಂದ್ರ ಅದು ಸ್ಟಾರ್ಟರ್ ಕಡೆ ನೋಡಬೇಕು.) ಕ್ಲಚ್ ಒತ್ತಿದ್ರೂ ಬಿಟ್ರೂ ಫರಕಿಲ್ಲ. ಮುಂದಿನ ದೀಪ, ಫ್ಯಾನ್ ಹಚ್ಚಿದ್ರ ಜೋರು. ಬಿಸಿಲಿದ್ದ ದಿನ ಕಡಿಮಿ, ಮಳಿ ದಿನ ಹೆಚ್ಚು.

ಆಯ್ತವಾರ ಇವರನ್ನ ಸೀಟಿನ್ಯಾಗ ಕೂಡಿಸಿ, ಬಾನೆಟ್ ಎತ್ತಿ, ಇಸ್ತ್ರಿ ಮಾಡೂ ಮುಂದ ನೀರು ಹೊಡಿಯೋ ಬಾಟ್ಲಿ ತಗೊಂಡು ದೂರ ನಿಂತೆ. ಸೆರಗು ಸೊಂಟಕ್ಕ ಬಿಗಿದು, ಹೆರಳು ಕಟ್ಟಿದ್ದೆ. ನೀವು ಮಾಡಿದ್ರೂ ಹಂಗ ಮಾಡ್ರಿ, ತಿರುಗೋ ಬೆಲ್ಟಿನ ಹತ್ರ ಕೈ ಒಯ್ಯಬ್ಯಾಡ್ರಿ. ಬೆಲ್ಟಿನ ಗೆರಿ ಇರೋ ಮಗ್ಗಲಿಗೆ ಒಂದೀಟು ನೀರು ಹೊಡದ್ರ, ಸಪ್ಪಳ ಒಂದು ಗಳಿಗಿ ನಿಂತು ಮತ್ತ ಬಂದ್ರ ಗಾಲಿಗಳು ಒಂದಕ್ಕೊಂದು ಸಾಲಿನ್ಯಾಗ ಇಲ್ಲ ಅಂತ ತಿಳೀಬೇಕು. ಇನ್ನೂ ಜೋರಾದ್ರ ಬೆಲ್ಟು ಜಾರತದ ಅಂತ. ನಮ್ಮದು ಜೋರಾತು. ಓಣಿ ನಾಯಿಯೆಲ್ಲಾ ಬೊಗಳಿದ್ವು.

ಆದ್ರ ಹೊಸಾ ಬೆಲ್ಟು ಯಾಕ ಜಾರಬೇಕು? ಇಂಜಿನ್ ಆರಿಸಿ, ಪೂರಾ ಆರಿದ ಮ್ಯಾಲೆ ಬ್ಯಾಟರಿ ಹಿಡಕೊಂಡು ಬಗ್ಗಿ ನೋಡಿದೆ. ಮಾವನವರ ಬೀಡಾ ಡಬ್ಬಿಯೊಳಗ ಸುಣ್ಣ ಒಣಗಿರತಿತ್ತಲ್ಲ, ಹಂಗ ಒಂದು ಗಾಲಿ ಹಿಂದ ಬೆಳ್ಳಗ, ಹಸರಗ ಕಲೆ. ಬೆಲ್ಟಿನ ಅಂಚು ಜಿಗಿಜಿಗಿ. ಕೂಲಂಟ್ ಹಾಕೋ ಬಿಳಿ ಡಬ್ಬಿಯೊಳಗ ಹಸರು ನೀರು ಕೆಳಗಿನ ಗೆರಿಗಿಂತ ಕೆಳಗ ಇಳದಿತ್ತು. ತಗಡು ಸೋರತಿತ್ತು ನೋಡ್ರಿ!

ಸೋಮವಾರ ಬ್ಯಾರೆ ಗ್ಯಾರೇಜಿಗೆ ಹೋದೆ. ವಯಸ್ಸಾದ ಮಿಸ್ತ್ರಿ. ಡೈರಿ ಓದಿ ಹೇಳಿದೆ. ನಗಲಿಲ್ಲ ಅವರು. ಮೊದಲು ಮೀಟರ್ ಹಚ್ಚಿ ನೋಡಿದ್ರು, ಇಂಜಿನ್ ಚಾಲೂ ಇದ್ದಾಗ ಬ್ಯಾಟರಿ ಮ್ಯಾಲ 14.1 ವೋಲ್ಟ್. "ಡೈನಮೋ ಗಟ್ಟಿ ಐತ್ರಿ ಅಕ್ಕಾರ" ಅಂದ್ರು. ಆಮ್ಯಾಲೆ ಗಾಲಿ ಬಿಚ್ಚಿ, ನೀರಿನ ಪಂಪಿನ ಸಣ್ಣ ತೂತಿನಿಂದ ಹನಿ ಜಿನುಗೋದು ಕೈ ಮಾಡಿ ತೋರಿಸಿದ್ರು. ಒಳಗಿನ ಸೀಲ್ ಸವದಿತ್ತು. ಆ ಹನಿ ಬೆಲ್ಟಿಗೆ ಸಿಡೀತಿತ್ತು. ಕೂಲಂಟ್ ಕುಡದ ಬೆಲ್ಟು ಒರಸಿದ್ರ ಸುಧಾರಸೂದಿಲ್ಲ ಅಂತ ಪಂಪು, ಬೆಲ್ಟು ಎರಡೂ ಹೊಸಾದು ಹಾಕಿ, ಗಾಲಿ ತೊಳದು, ಬಿಗಿ ನೋಡಿ ಕೊಟ್ರು. ಡೈನಮೋಕ್ಕ ಹೇಳಿದ್ದರ ಅರ್ಧಾ ರೊಕ್ಕಾನೂ ಆಗಲಿಲ್ಲ.

ಬರೂ ಮುಂದ ಒಂದು ಮಾತು ಹೇಳಿದ್ರು. "ಬೆಲ್ಟು ಹರದ್ರ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತತೈತಿ, ಪಂಪು ನಿಂದರತೈತಿ, ಇಂಜಿನ್ ಕಾಯತೈತಿ. ಮನಿ ಮುಟ್ಟೋಣು ಅಂತ ಹೊಡೀಬ್ಯಾಡ್ರಿ, ಅಲ್ಲೇ ಮಗ್ಗಲಿಗೆ ಹಚ್ಚರಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತಗೀಬ್ಯಾಡ್ರಿ." ನಸುಕಿನ್ಯಾಗ, ಮಳ್ಯಾಗ, ಅತ್ತಿಯವರನ್ನ ಕೂಡಿಸ್ಕೊಂಡು ನಡುದಾರಿಯೊಳಗ ನಿಂತಿದ್ರ ಏನ್ ಗತಿ ಅಂತ ನೆನೆಸಿ ಕೈ ತಣ್ಣಗಾದ್ವು.

ಕಾಕೂ ಹೇಳಿದಂಗ ಸಾಬೂನು ತಿಕ್ಕಿದ್ರ ನಾಕು ದಿನ ಸುಮ್ಮಾಗತಿತ್ತೇನೋ. ಸಪ್ಪಳ ಮುಚ್ಚತಿತ್ತು, ಸೋರೋದು ನಿಂದರತಿರಲಿಲ್ಲ.

ಮಂಗಳವಾರ ಕೀಲಿ ತಿರುವಿದೆ. ಇಂಜಿನ್ ಹತ್ತಿತು, ಅಷ್ಟೇ. ಅತ್ತಿಯವರು ನನ್ನ ಮಾರಿ ನೋಡಿ, "ನಮ್ಮಪ್ಪ ಇದ್ದಿದ್ರ ನಿನ್ನ ಗಿರಣ್ಯಾಗ ಕೂಡಸತಿದ್ರು" ಅಂದ್ರು. ಗಾಡಿ ಮಾರೋ ಮಾತು ಆಮ್ಯಾಲೆ ಯಾರೂ ತಗದಿಲ್ಲ. ಅವತ್ತ ಕಾಕೂಗ ಎಚ್ಚರ ಆಗದs ಹಾಲು ತಪ್ಪಿತಂತ. ಈಗ ಮೊಬೈಲ್‌ನ್ಯಾಗ ಅಲಾರ್ಮ್ ಇಟ್ಕೊಂಡಾರ.

ನಿಮ್ಮ ಗಾಡಿನೂ ಚೀರತಿದ್ರ ಯಾವಾಗ, ಎಷ್ಟೊತ್ತು, ಏನು ಹಚ್ಚಿದಾಗ ಅಂತ ಬರದು ಇಟ್ಟು, ನೀವs ಹೋಗಿ ಹೇಳ್ರಿ. ಇವತ್ತಿಗೆ ಸಾಕು, ನಾಳೆ ಮಂಗಳವಾರ, ಲಗೂ ಏಳಬೇಕು.