ದೊಡ್ಡ ಬ್ಯಾಟರಿ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಹಾಸಿಗೆಯನ್ನೇ ನೀಳಮಾಡಿಕೊಳ್ಳುವುದು ಈಗಿನ ಗೃಹಸ್ಥರ ರೀತಿ. ಕಣಜ ಸಾಲದಾದರೆ ದೊಡ್ಡ ಕಣಜ, ತೊಟ್ಟಿ ಸಾಲದಾದರೆ ದೊಡ್ಡ ತೊಟ್ಟಿ. ಈ ರೀತಿಯನ್ನು ನಾನು ಹಳಿಯಲಾರೆ. ಎಷ್ಟೋ ವೇಳೆ ಅದೇ ಸರಿಯಾದ ಮಾರ್ಗ. ಆದರೆ ತೊಟ್ಟಿ ಚಿಕ್ಕದಾಯಿತೋ, ತೊಟ್ಟಿಗೆ ಬೀಳುವ ಧಾರೆ ಸಣ್ಣದಾಯಿತೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ನಮ್ಮ ಮನೆಯ ಕಾರಿನ ಬ್ಯಾಟರಿಯ ವಿಷಯದಲ್ಲಿ ನಾವು ಈ ವಿಚಾರ ಮಾಡಬೇಕಾಗಿ ಬಂದಿತು. ಆ ವೃತ್ತಾಂತ ಇತರ ಮನೆಗಳಿಗೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ನಾವು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯವರು. ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ಕಾರಿಗೂ ಬಹುಮಟ್ಟಿಗೆ ನಿವೃತ್ತಿ ದೊರೆಯಿತು. ಆಗೊಮ್ಮೆ ಈಗೊಮ್ಮೆ ಅರ್ಧ ಮೈಲಿ ದೂರದ ಅಂಗಡಿಬೀದಿಗೆ ಹೋಗಿಬರುವುದು, ಉಳಿದ ದಿನಗಳೆಲ್ಲ ಕೊಟ್ಟಿಗೆಯಲ್ಲಿ ವಿಶ್ರಾಂತಿ. ಆದರೂ ಅದನ್ನು ಮಾರಲು ಮನಸ್ಸಾಗಲಿಲ್ಲ. ಎಂಬತ್ತು ದಾಟಿದ ನಮ್ಮ ತಾಯಿಯವರಿಗೆ ಉಬ್ಬಸದ ವ್ಯಾಧಿ. ಯಾವ ರಾತ್ರಿ ಯಾವ ಹೊತ್ತಿನಲ್ಲಿ ಪೇಟೆಯ ಆಸ್ಪತ್ರೆಗೆ ಓಡಬೇಕಾದೀತೋ ಹೇಳುವಂತಿರಲಿಲ್ಲ. ಕಾರು ನಮಗೆ ವಾಹನವೆನ್ನುವುದಕ್ಕಿಂತ ಧೈರ್ಯವಾಗಿತ್ತು.

ಮಾಘಮಾಸದ ಒಂದು ರಾತ್ರಿ ಆ ಹೊತ್ತು ಬಂದಿತು. ಕೀಲಿ ತಿರುಗಿಸಿದರೆ ಎಂಜಿನ್ನಿನ ಕಡೆಯಿಂದ ಟಕ್ಕೆಂದು ಒಂದು ಶಬ್ದ ಬಂದುದಲ್ಲದೆ ಬೇರೆ ಉತ್ತರವಿಲ್ಲ. ನೆರೆಮನೆಯ ರೈತನು ಸೊಪ್ಪು ಸಾಗಿಸುವ ತನ್ನ ಆಟೋದಲ್ಲಿ ಚಾಪೆ ಹಾಸಿ, ತಾಯಿಯವರನ್ನು ಒರಗಿಸಿ ಕೂರಿಸಿ, ಕಂಬಳಿ ಹೊದಿಸಿ ಕರೆದೊಯ್ದನು. ದೇವರ ದಯೆಯಿಂದ ಮೂರು ದಿನಗಳಲ್ಲಿ ಗುಣಹೊಂದಿ ಮನೆಗೆ ಬಂದರು. "ಸೊಪ್ಪಿನ ಗಾಡೀಲಿ ಹೋದ್ರೂ ಉಸಿರು ಉಳೀತು, ಬಿಡಪ್ಪ" ಎಂದರು. ಅವರು ಬಿಟ್ಟರು, ನಾನು ಬಿಡುವಂತಿರಲಿಲ್ಲ.

ಬೆಂಗಳೂರಿನಲ್ಲಿರುವ ಮಗನು ಫೋನಿನಲ್ಲಿ, "ಅಪ್ಪಾ, ಆ ೩೫ರ ಬ್ಯಾಟರಿ ತೆಗೆಸಿ ೬೫ರದು ಹಾಕಿಸಿಬಿಡಿ, ದುಡ್ಡು ನಾನು ಕಳಿಸ್ತೀನಿ" ಎಂದನು. ಪೇಟೆಯ ಮೆಕ್ಯಾನಿಕ್ಕನು, "ಬೇಡಿ ಮೇಷ್ಟ್ರೇ, ದೊಡ್ಡದು ಹಾಕಿದ್ರೆ ಸ್ಟಾರ್ಟರ್ ಸುಟ್ಟುಹೋಗುತ್ತೆ" ಎಂದನು. ಇಬ್ಬರಲ್ಲಿ ಯಾರ ಮಾತು ನಿಜವೆಂದು ತಿಳಿಯಲು ಬ್ಯಾಟರಿಯ ಸ್ವರೂಪವನ್ನೇ ವಿಚಾರಿಸಬೇಕಾಯಿತು.

ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ವಿದ್ಯುತ್ಕೋಶವನ್ನು ೧೮೫೯ರಲ್ಲಿ ಮೊದಲು ರಚಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಬರುವವರೆಗೆ ಎಂಜಿನ್ನನ್ನು ಎಬ್ಬಿಸಲು ಜನರು ಸಾಮಾನ್ಯವಾಗಿ ಹ್ಯಾಂಡಲು ಹಾಕಿ ತೋಳಿನಿಂದ ತಿರುಗಿಸಬೇಕಾಗಿತ್ತು. ಈಗ ಆ ತೋಳಿನ ಕೆಲಸವನ್ನು ಬ್ಯಾಟರಿ ಮಾಡುತ್ತದೆ. ಅದರೊಳಗೆ ಸುಮಾರು ೨ ವೋಲ್ಟಿನ ಆರು ಕೋಶಗಳು. ಒಟ್ಟು ೧೨ ವೋಲ್ಟು.

ವೋಲ್ಟೆಂಬುದನ್ನು ಕೆರೆಯ ನೀರಿನ ಆಳವೆಂದೂ, ಆಂಪಿಯರ್-ಗಂಟೆಯೆಂಬುದನ್ನು ಕೆರೆಯಲ್ಲಿರುವ ನೀರಿನ ಒಟ್ಟು ಮೊತ್ತವೆಂದೂ ಭಾವಿಸಿದರೆ ವಿಷಯ ತಿಳಿಯಾಗುತ್ತದೆ. ತೂಬಿನಲ್ಲಿ ನೀರು ನುಗ್ಗುವ ರಭಸ ಆಳದಿಂದ ಬರುವುದೇ ಹೊರತು ಕೆರೆಯ ಹರವಿನಿಂದಲ್ಲ. ಬ್ಯಾಟರಿ ಎಷ್ಟು ದೊಡ್ಡದಾದರೂ ಅದು ೧೨ ವೋಲ್ಟಿನದೇ ಆಗಿರುವಾಗ ಸ್ಟಾರ್ಟರು ತನಗೆ ಬೇಕಾದಷ್ಟನ್ನೇ ಸೆಳೆದುಕೊಳ್ಳುತ್ತದೆ, ಸುಡುವ ಭಯವಿಲ್ಲ. ಮೆಕ್ಯಾನಿಕ್ಕನ ಮಾತು ಇಲ್ಲಿಗೆ ಬಿದ್ದಿತು.

ಮಗನ ಮಾತಿಗೆ ಲೆಕ್ಕ ಬೇಕಾಯಿತು. ಎಂಜಿನ್ನು ಎಬ್ಬಿಸಲು ೧೫೦ ಆಂಪಿಯರ್ ಮೂರು ಸೆಕೆಂಡು ಹರಿಯಿತೆಂದು ಹಿಡಿದರೂ ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಎಂಟನೆಯ ಒಂದು ಭಾಗ ಮಾತ್ರ. ೩೫ರ ಬ್ಯಾಟರಿಗೆ ಇದು ಸಮುದ್ರದಿಂದ ಬೊಗಸೆ ನೀರು ತೆಗೆದಂತೆ. ನಿಜವಾದ ವ್ಯಯ ಕಾರು ನಿಂತಿರುವಾಗ ಆಗುತ್ತದೆ. ಗಡಿಯಾರ, ಬಾಗಿಲ ಬೀಗ, ಕಳ್ಳರ ಗಂಟೆ, ಇವು ಹಗಲಿರುಳು ಸ್ವಲ್ಪಸ್ವಲ್ಪವಾಗಿ ಹೀರುತ್ತಿರುತ್ತವೆ. ಎಲೆಕ್ಟ್ರಿಷಿಯನ್ನರೊಬ್ಬರಿಂದ ಅಮ್ಮೀಟರು ಹಿಡಿಸಿ ನೋಡಿದೆ. ೩೦ ಮಿಲಿಆಂಪಿಯರ್ ಇತ್ತು. ಇದು ದೋಷವಲ್ಲ, ಸಹಜವೇ. ಆದರೆ ದಿನಕ್ಕೆ ಮುಕ್ಕಾಲು ಆಂಪಿಯರ್-ಗಂಟೆಯ ಹತ್ತಿರ, ತಿಂಗಳಿಗೆ ೨೧ಕ್ಕೂ ಹೆಚ್ಚು! ನಾಲ್ಕು ವರ್ಷ ತುಂಬಿದ ೩೫ರ ಬ್ಯಾಟರಿಯಲ್ಲಿ ಅಷ್ಟು ಹೋದ ಮೇಲೆ ಉಳಿಯುವುದೇನು? ಅಂಗಡಿಬೀದಿಯ ಐದು ನಿಮಿಷದ ಓಟದಲ್ಲಿ ಆಲ್ಟರ್ನೇಟರು ತುಂಬಿಕೊಡುವುದು ಅತ್ಯಲ್ಪ. ಬರಿದಾಗಿ ನಿಂತ ಬ್ಯಾಟರಿಯಲ್ಲಿ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಹರಳುಗಟ್ಟಿ, ಮತ್ತೆ ತುಂಬುವ ಶಕ್ತಿಯೂ ಕುಂದುತ್ತದೆ.

ದೊಡ್ಡ ಪಾತ್ರೆಯೊಂದೇ ಇದಕ್ಕೆ ಪರಿಹಾರವಾಗಲಾರದೆಂಬುದಕ್ಕೆ ನಮ್ಮ ಸೀಮೆಯ ನದಿಯೇ ಸಾಕ್ಷಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಅಡ್ಡಲಾಗಿ ೧೮೯೪ರಲ್ಲಿ ಹೆಸರಘಟ್ಟದಲ್ಲಿ ಜಲಾಶಯವಾಯಿತು. ಬೆಂಗಳೂರಿಗೆ ಅದು ಸಾಲದಾದಾಗ, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯು ಅರ್ಕಾವತಿಯನ್ನು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ೧೯೩೩ರಲ್ಲಿ ಇನ್ನೂ ದೊಡ್ಡ ಜಲಾಶಯವನ್ನು ಕಟ್ಟಿದರು. ಆ ಕಾಲಕ್ಕೆ ಅದು ಸರಿಯಾದ ಕಾರ್ಯವೇ, ನದಿಯಲ್ಲಿ ನೀರಿತ್ತು. ಮುಂದೆ ಮೇಲಣ ಸೀಮೆಯಲ್ಲಿ ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ಹೆಚ್ಚಿ ಒಳಹರಿವು ಕುಗ್ಗಿದಾಗ ಚಿಕ್ಕದೂ ಬತ್ತಿತು, ದೊಡ್ಡದೂ ಸೊರಗಿತು. ಏರಿಯನ್ನು ಎತ್ತರಿಸಿದ ಮಾತ್ರಕ್ಕೆ ಮೇಘವು ಹೆಚ್ಚು ಸುರಿಸುವುದಿಲ್ಲ.

ಹಾಗೆಂದು ದೊಡ್ಡ ಬ್ಯಾಟರಿ ವ್ಯರ್ಥವೆಂದು ಹೇಳಕೂಡದು. ಅದು ಬರಗಾಲವನ್ನು ತಪ್ಪಿಸದಿದ್ದರೂ ಬರಗಾಲದಲ್ಲಿ ಕೆಲವು ದಿನ ಹೆಚ್ಚು ಬದುಕಿಸುತ್ತದೆ. ರಾತ್ರಿಯ ಆಪತ್ತಿಗೆ ಕಾದಿರುವ ಮನೆಗೆ ಆ ಕೆಲವು ದಿನಗಳೂ ಬೆಲೆಯುಳ್ಳವು. ಆದುದರಿಂದ ಬ್ಯಾಟರಿಯನ್ನಿಡುವ ತಟ್ಟೆಯ ಉದ್ದಗಲಗಳನ್ನು ಅಳೆದೆ. ೬೫ರದು ಅದರಲ್ಲಿ ಕೂರುವಂತಿರಲಿಲ್ಲ. ಬಿಗಿಪಟ್ಟಿಗೆ ಸಿಕ್ಕದ ಬ್ಯಾಟರಿ ಕುಲುಕಾಡಿ ಹಾಳಾಗುತ್ತದೆ. ಎತ್ತರ ಹೆಚ್ಚಾಗಿ ಅದರ ತುದಿಗಳು ಬಾನೆಟ್ಟಿನ ತಗಡಿಗೆ ತಗುಲಿದರೆ ಬೆಂಕಿಯ ಭಯವೇ ಉಂಟು. ೪೫ರದು ಸರಿಯಾಗಿ ಕೂತಿತು. ಧನ ಋಣ ತುದಿಗಳೂ ಹಳೆಯದರಂತೆಯೇ ಇದ್ದು ತಂತಿಗಳು ಎಳೆದಾಡದೆ ಮುಟ್ಟಿದವು. ಋಣದ ತಂತಿಯನ್ನು ಮೊದಲು ಬಿಚ್ಚುವುದು, ಕೊನೆಯಲ್ಲಿ ಕಟ್ಟುವುದು, ಹಳೆಯದನ್ನು ಗುಜರಿಗೆ ಹಾಕದೆ ಮಾರಿದವರಿಗೇ ಹಿಂದಿರುಗಿಸುವುದು, ಇಷ್ಟನ್ನು ವಾಚಕರು ಮರೆಯಬಾರದು. ಸೀಸವು ಮಣ್ಣಿಗೂ ಮಕ್ಕಳಿಗೂ ವಿಷ.

ಪಾತ್ರೆಯ ಕೆಲಸ ಮುಗಿಯಿತು. ಧಾರೆಯ ಕೆಲಸ ಉಳಿಯಿತು. ಒಂದು ವಾರದಲ್ಲಿ ಸೋರುವುದು ಸುಮಾರು ೫ ಆಂಪಿಯರ್-ಗಂಟೆ. ಅದನ್ನು ತುಂಬಲು ವಾರಕ್ಕೊಮ್ಮೆ ಒಂದು ಗಂಟೆಯ ಓಟವಾದರೂ ಇರಲೆಂದು ನಿಶ್ಚಯಿಸಿದೆ. ಮನೆಯ ವಿದ್ಯುತ್ತಿನಿಂದಲೇ ತುಂಬುವ ಚಾರ್ಜರುಗಳೂ ಉಂಟು, ಒಳ್ಳೆಯವೂ ಹೌದು. ಆದರೆ ಚಾರ್ಜರು ತಾಯಿಯವರನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದೊಯ್ಯಲಾರದು. ವ್ಯಾಧಿ ಬಂದಂದಿನಿಂದ ಅವರು ಆಸ್ಪತ್ರೆಗಲ್ಲದೆ ಹೊಸ್ತಿಲು ದಾಟಿದುದೇ ಅಪರೂಪ.

ಮೊದಲು ಅವರು ಒಪ್ಪಲಿಲ್ಲ. ಕೆಲಸವಿಲ್ಲದೆ ಪೆಟ್ರೋಲು ಸುಡುವುದು ಅವರಿಗೆ ಪಾಪವಾಗಿ ತೋರಿತು. ಬ್ಯಾಟರಿಗಾಗಿ ಎಂದು ಹೇಳಿದ ಮೇಲೆ, ಯಂತ್ರಕ್ಕೆ ಉಪಕಾರವಾಗುವುದಾದರೆ ಆಗಲೆಂದು ಹತ್ತಿ ಕುಳಿತರು. ದಾರಿಯ ಒಂದೊಂದು ಕೆರೆ ಕಂಡಾಗಲೂ ಅದು ಕೋಡಿ ಬಿದ್ದ ವರ್ಷವನ್ನು ನೆನೆದು ಹೇಳುವರು.

ಇದಾಗಿ ಎರಡು ಮಳೆಗಾಲಗಳು ಕಳೆದಿವೆ. ಅಷ್ಟರಲ್ಲಿ ಎರಡು ಸಲ ನಡುರಾತ್ರಿಯಲ್ಲಿ ಕಾರನ್ನು ಎಬ್ಬಿಸಬೇಕಾಯಿತು. ಎರಡು ಸಲವೂ ಮೊದಲ ಕೂಗಿಗೇ ಎದ್ದಿತು. ಈಗ ಶನಿವಾರ ಸಂಜೆಯಾಯಿತೆಂದರೆ ತಾಯಿಯವರೇ, "ನಾಳೆ ನಿನ್ನ ಬ್ಯಾಟರಿ ತುಂಬಿಸಬೇಕಲ್ಲಪ್ಪ?" ಎಂದು ಜ್ಞಾಪಿಸುತ್ತಾರೆ. ಹೋಗಿ ನೋಡಿದರೆ ಉಡುವ ಸೀರೆಯನ್ನು ಆಗಲೇ ತೆಗೆದಿಟ್ಟಿರುತ್ತಾರೆ.