ಒಂದು ಇಂಚಿನ ಎತ್ತರ

ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ ಕಿರಾಣಿ ಅಂಗಡಿಯೊಡನೆ ಬೆಲ್ಲ ಮತ್ತು ಅರಿಸಿನದ ವ್ಯಾಪಾರವನ್ನು ನಡೆಸಿಕೊಂಡು ಬಂದಿರುವ ಶ್ರಾವಕರೊಬ್ಬರಿದ್ದಾರೆ. ತೂಕದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಮಿತ. 2014ರಲ್ಲಿ ಅವರು 1996ರ ಮಾದರಿಯ ಮಹೀಂದ್ರ ಜೀಪೊಂದನ್ನು ತಮ್ಮ ಸಮಾಜದವರೇ ಆದ ಹಿರಿಯರೊಬ್ಬರಿಂದ ಕೊಂಡರು. ವಾರದ ಆರು ದಿನ ಅದು ತೋಟದಿಂದ ತೆಂಗಿನಕಾಯಿಯನ್ನೂ ಆಲೆಮನೆಯಿಂದ ಬೆಲ್ಲದ ಮೂಟೆಗಳನ್ನೂ ಹೊರುತ್ತಿತ್ತು. ಬಿಡುವಿನ ದಿನ ಮನೆಮಂದಿಯನ್ನು ಮಲೆಯೂರಿನ ಕನಕಗಿರಿಗೆ ಕರೆದೊಯ್ಯುತ್ತಿತ್ತು. ನೆಂಟರು ಬಂದರೆ ಬಿಳಿಗಿರಿರಂಗನ ಬೆಟ್ಟಕ್ಕೂ ಅದರದೇ ಪಯಣ. ವರ್ತಕರ ವೃದ್ಧ ತಾಯಿ ಮುಂದಿನ ಆಸನದಲ್ಲಿ, ಮೊಮ್ಮಕ್ಕಳು ಹಿಂದಿನ ಅಡ್ಡ ಆಸನಗಳಲ್ಲಿ.

2022ರ ಮಳೆಗಾಲದಲ್ಲಿ ಸುವರ್ಣಾವತಿ ಉಕ್ಕಿ ಹರಿದು ಯಳಂದೂರಿನ ಸುತ್ತಮುತ್ತಲ ಗದ್ದೆಗಳಿಗೂ ರಸ್ತೆಗಳಿಗೂ ನೀರು ನುಗ್ಗಿದ್ದು ಆ ಭಾಗದ ಜನರಿಗೆ ಮರೆತಿಲ್ಲ. ನೀರು ಇಳಿದ ಮೇಲೆ ತೋಟದ ದಾರಿಯಲ್ಲಿ ಟ್ರ್ಯಾಕ್ಟರಿನ ಚಕ್ರಗಳು ಕೊರೆದ ಎರಡು ಆಳವಾದ ಜಾಡುಗಳು ಉಳಿದವು. ಅವುಗಳ ನಡುವೆ ಗಟ್ಟಿಯಾದ ಮಣ್ಣಿನ ದಿಂಡು. ಮೂಟೆ ತುಂಬಿದ ಜೀಪು ಆ ಜಾಡಿಗೆ ಇಳಿದಾಗಲೆಲ್ಲ ಅದರ ಅಡಿಭಾಗ ದಿಂಡಿಗೆ ಉಜ್ಜಿ ಕರಕರನೆ ಸದ್ದಾಗುತ್ತಿತ್ತು.

ಮೈಸೂರಿನಲ್ಲಿ ಉದ್ಯೋಗದಲ್ಲಿರುವ ಮಗ ರಜೆಗೆ ಬಂದವನು ಇದನ್ನು ಕೇಳಿ, "ಅಪ್ಪಾಜಿ, ಬಾಡಿಯನ್ನು ಒಂದು ಇಂಚು ಎತ್ತಿಸಿಬಿಡೋಣ. ಒಂದು ದಿನದ ಕೆಲಸ, ಖರ್ಚೂ ಅಂಥ ದೊಡ್ಡದಲ್ಲ" ಎಂದನು. ಅದಕ್ಕೆ ಬೇಕಾದ ನೈಲಾನಿನ ಬಿಲ್ಲೆಗಳನ್ನು ಅವನು ಆಗಲೇ ತಂದಿದ್ದನು.

ಮಗನು ಹೇಳಿದ ಕೆಲಸವೇನೆಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಜೀಪಿನಂಥ ಗಾಡಿಗಳಲ್ಲಿ ಕೆಳಗೆ ಏಣಿಯ ಆಕಾರದ ಉಕ್ಕಿನ ಚಾಸಿ ಇರುತ್ತದೆ. ಎಂಜಿನ್ನು, ಗೇರುಪೆಟ್ಟಿಗೆ, ಸ್ಪ್ರಿಂಗು, ಆಕ್ಸಲ್ಲು ಎಲ್ಲವೂ ಅದಕ್ಕೆ ಸೇರಿದವು. ಜನರು ಕುಳಿತುಕೊಳ್ಳುವ ಬಾಡಿ ಪ್ರತ್ಯೇಕವಾದುದು. ಅದು ರಬ್ಬರಿನ ಬುಷ್ಷುಗಳ ಮೇಲೆ ಕುಳಿತು, ಬೋಲ್ಟುಗಳಿಂದ ಚಾಸಿಗೆ ಬಿಗಿಯಾಗಿರುತ್ತದೆ. ಈ ಬೋಲ್ಟುಗಳನ್ನು ಸಡಿಲಿಸಿ, ಒಂದು ಬದಿಯವನ್ನು ಮಾತ್ರ ಬಿಚ್ಚಿ, ಮರದ ಹಲಗೆಯನ್ನು ಅಡ್ಡವಿಟ್ಟು ಜಾಕಿಯಿಂದ ಬಾಡಿಯನ್ನು ಮೆಲ್ಲನೆ ಎತ್ತಿ, ಬುಷ್ಷಿನ ಜಾಗದಲ್ಲಿ ಒಂದು ಇಂಚು ದಪ್ಪದ ಬಿಲ್ಲೆಯನ್ನು ಸೇರಿಸಿ, ಅಷ್ಟೇ ಉದ್ದ ಹೆಚ್ಚಿರುವ ಹೊಸ ಬೋಲ್ಟನ್ನು ಹಾಕಬೇಕು. ಆಮೇಲೆ ಇನ್ನೊಂದು ಬದಿ.

ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಬಾಡಿ ಮೇಲೇರಿದಾಗ ಬಾಡಿಗೂ ಚಾಸಿಗೂ ನಡುವೆ ಹಾದುಹೋಗುವ ಪ್ರತಿಯೊಂದು ವಸ್ತುವೂ ಒಂದು ಇಂಚು ಎಳೆಯಲ್ಪಡುತ್ತದೆ. ಸ್ಟೀರಿಂಗಿನ ದಂಡ ಅದರ ಜೋಡಣೆಯೊಳಗೆ ಸಾಕಷ್ಟು ಉಳಿದಿದೆಯೇ? ಬ್ರೇಕಿನ ಕೊಳವೆ, ಕ್ಲಚ್ಚಿನ ಕೊಂಡಿ, ಆಕ್ಸಲರೇಟರಿನ ತಂತಿ, ಡೀಸೆಲ್ ತುಂಬುವ ರಬ್ಬರ್ ಕೊಳವೆ, ಬ್ಯಾಟರಿಯ ಅರ್ತ್ ತಂತಿ, ಇವು ಬಿಗಿಯಾಗಿಲ್ಲವಷ್ಟೆ? ಗೇರಿನ ಕೋಲು ನೆಲಹಾಸಿನ ಕಿಂಡಿಯ ಅಂಚಿಗೆ ತಗಲುತ್ತದೆಯೇ? ರೇಡಿಯೇಟರು ಬಾಡಿಯೊಡನೆ ಮೇಲೇರಿದ್ದರೆ, ಇದ್ದಲ್ಲೇ ಉಳಿದ ಫ್ಯಾನಿನ ರೆಕ್ಕೆಗಳು ಅದರ ಕವಚಕ್ಕೆ ಬಡಿಯುವುದಿಲ್ಲವೇ? ಇವೆಲ್ಲವನ್ನೂ ಒಂದೊಂದಾಗಿ ನೋಡಿದ ಹೊರತು ಕೆಲಸ ಪೂರ್ಣವಾಯಿತೆನ್ನಲಾಗದು.

ತಂದೆ ಮಗ ಇಬ್ಬರೂ ಜೀಪನ್ನು ಕೊಳ್ಳೇಗಾಲದ ಮೆಕ್ಯಾನಿಕ್ಕರೊಬ್ಬರ ಬಳಿಗೆ ಒಯ್ದರು. ವಯಸ್ಸಾದ ಮನುಷ್ಯ, ಬಹಳ ವರ್ಷ ಜೀಪುಗಳ ಕೆಳಗೇ ಮಲಗಿ ಕೆಲಸ ಮಾಡಿದವರು. ವಿಷಯವನ್ನು ಕೇಳಿ ಅವರು ಮೊದಲು ಬಿಲ್ಲೆಗಳನ್ನು ನೋಡಲಿಲ್ಲ, ಗಾಡಿಯ ಕೆಳಗೆ ನುಸುಳಿದರು. "ಯಜಮಾನ್ರೇ, ಒಂದು ಸಲ ಬಗ್ಗಿ ನೋಡಿ" ಎಂದು ಟಾರ್ಚು ಹಿಡಿದರು. ಹಿಂದಿನ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ಲಿನ ಗುಂಡನೆಯ ಹೊಟ್ಟೆ ಮಣ್ಣಿಗೆ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿತ್ತು. "ನೆಲಕ್ಕೆ ತಗಲ್ತಾ ಇರೋದು ಇದು. ಬಾಡಿ ಎತ್ತಿದ್ರೆ ಬಾಡಿ ಏಳ್ತದೆ, ಇದು ಏಳಾಕಿಲ್ಲ."

ಬಾಡಿಯನ್ನು ಒಂದು ಇಂಚಲ್ಲ, ಮೂರು ಇಂಚು ಎತ್ತಿಸಿದರೂ ಆಕ್ಸಲ್ಲು ನೆಲದಿಂದ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಚಕ್ರ ಮಾತ್ರ. ಬಾಡಿ ಎತ್ತಿಸುವುದರ ನಿಜವಾದ ಪ್ರಯೋಜನವೆಂದರೆ ದೊಡ್ಡ ಟೈರಿಗೆ ಜಾಗ ದೊರೆಯುವುದು. ಆಗ ಮಗನು, ಮುಂದಿನ ತಿಂಗಳು ಟೈರನ್ನೂ ಬದಲಿಸುವ ವಿಚಾರವಿತ್ತೆಂದು ಒಪ್ಪಿಕೊಂಡನು. ದೊಡ್ಡ ಟೈರಿನ ಜೀಪು ನೋಡಲು ಚೆಂದವೆಂಬುದನ್ನೂ ಮುಚ್ಚಿಡಲಿಲ್ಲ.

ವರ್ತಕರು ಜೇಬಿನಲ್ಲಿದ್ದ ಬಿಲ್ಲೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿದರು. 28 ಇಂಚು ವ್ಯಾಸದ ಟೈರಿನ ಬದಲು 30 ಇಂಚಿನದನ್ನು ಹಾಕಿದರೆ ಆಕ್ಸಲ್ಲು ಏರುವುದು ಹೆಚ್ಚಿದ ವ್ಯಾಸದ ಅರ್ಧ, ಅಂದರೆ ಒಂದು ಇಂಚು. ಮೀಟರು 56 ಕಿಲೋಮೀಟರ್ ವೇಗ ತೋರಿಸುವಾಗ ಗಾಡಿ ನಿಜವಾಗಿ 60ರಲ್ಲಿ ಓಡುತ್ತಿರುತ್ತದೆ. ಒಟ್ಟು ಭಾರದಲ್ಲಿ ಬಾಡಿಯದು ಮೂರರಲ್ಲಿ ಒಂದು ಪಾಲೆಂದು ಹಿಡಿದರೆ, ಬಾಡಿಯೊಂದನ್ನೇ ಒಂದು ಇಂಚು ಎತ್ತಿದಾಗ ಗಾಡಿಯ ಗುರುತ್ವಕೇಂದ್ರ ಇಂಚಿನ ಮೂರನೆಯ ಒಂದು ಭಾಗ ಏರುತ್ತದೆ. ಟೈರು ಇಡೀ ಗಾಡಿಯನ್ನೇ ಎತ್ತುವುದರಿಂದ ಅದರದು ಮತ್ತೊಂದು ಇಂಚು. ಆಸನದಲ್ಲಿ ಕುಳಿತವರ ಭಾರವೂ ಬಾಡಿಯೊಡನೆ ಮೇಲೇರುತ್ತದೆ. ಬೆಟ್ಟದ ತಿರುವಿನಲ್ಲಿ ಗಾಡಿ ಹೊರಮಗ್ಗುಲಿಗೆ ವಾಲುವಾಗ ಈ ಲೆಕ್ಕವೆಲ್ಲ ಒಂದೇ ಸಲಕ್ಕೆ ವಸೂಲಿಗೆ ಬರುತ್ತದೆ.

ಅಷ್ಟರಲ್ಲಿ ಮೆಕ್ಯಾನಿಕ್ಕರ ಟಾರ್ಚು ಇನ್ನೊಂದೆಡೆ ನಿಂತಿತು. ಬಾಡಿಯ ಹಿಂಭಾಗದ ಎರಡು ಬುಷ್ಷುಗಳ ಕೆಳಗೆ ಹಳೆಯ ಟೈರಿನಿಂದ ಕತ್ತರಿಸಿದ ರಬ್ಬರಿನ ತುಂಡುಗಳಿದ್ದವು. ಈ ಜೀಪಿನ ಬಾಡಿಯನ್ನು ಹಿಂದೆಂದೋ ಯಾರೋ ಅರ್ಧ ಇಂಚಿನಷ್ಟು ಎತ್ತಿಸಿದ್ದರು. ತುಂಡುಗಳನ್ನು ತುರುಕಿದವರು ಬೋಲ್ಟುಗಳನ್ನು ಮಾತ್ರ ಬದಲಿಸಿರಲಿಲ್ಲ. ನಟ್ಟುಗಳು ಬೋಲ್ಟಿನ ತುದಿಯ ಮೂರು ನಾಲ್ಕು ಸುತ್ತುಗಳನ್ನು ಮಾತ್ರ ಕಚ್ಚಿಕೊಂಡಿದ್ದವು. ರಬ್ಬರು ಕುಗ್ಗಿ ಒಂದು ನಟ್ಟು ಬೆರಳಿಗೇ ತಿರುಗುತ್ತಿತ್ತು. ಅದರ ನೇರ ಮೇಲೆ ಇದ್ದದ್ದು ಮೊಮ್ಮಕ್ಕಳು ಕುಳಿತುಕೊಳ್ಳುವ ಅಡ್ಡ ಆಸನ.

ವರ್ತಕರು ಬಹಳ ಹೊತ್ತು ಮಾತನಾಡಲಿಲ್ಲ. ಎಂಟು ವರ್ಷಗಳ ಪಯಣಗಳೆಲ್ಲವೂ ಅವರ ಕಣ್ಣಮುಂದೆ ಹಾದುಹೋದವು. ಮಗನು ಸಮಾಧಾನಕ್ಕೆಂಬಂತೆ, "ಎಂಟು ವರ್ಷದಲ್ಲಿ ಏನೂ ಆಗಿಲ್ಲವಲ್ಲ, ಅಪ್ಪಾಜಿ" ಎಂದನು. "ಆಗದಿದ್ದದ್ದು ಪುಣ್ಯವಿರಬಹುದು, ಮಗು. ಅದು ನಮ್ಮ ಎಚ್ಚರಿಕೆಯ ಫಲವಂತೂ ಅಲ್ಲ" ಎಂದರು ತಂದೆ.

ರಬ್ಬರಿನ ತುಂಡುಗಳು ಅಂದೇ ಹೊರಬಂದವು. ಹೊಸ ಬುಷ್ಷು, ಹೊಸ ಬೋಲ್ಟುಗಳೊಡನೆ ಬಾಡಿ ಮೊದಲಿನ ಸ್ಥಾನಕ್ಕೆ ಮರಳಿತು. ಆದರೆ ವರ್ತಕರಿಗೆ ಕಠಿಣವಾದ ಕೆಲಸ ಇನ್ನೂ ಉಳಿದಿತ್ತು. ಜೀಪನ್ನು ಮಾರಿದ ಹಿರಿಯರು ಈಗ ಬಸದಿಯ ಟ್ರಸ್ಟಿನಲ್ಲಿ ಗೌರವದ ಸ್ಥಾನದಲ್ಲಿದ್ದರು. ಹೇಳಿದರೆ ಮನಸ್ತಾಪ, ಹೇಳದಿದ್ದರೆ, ಅವರನ್ನು ಕಂಡಾಗಲೆಲ್ಲ ಮನಸ್ಸಿನಲ್ಲಿ ಸಂಶಯ. ಇತರರೊಡನೆ ಆಡಿದರೆ ಪರನಿಂದೆ. ಒಂದು ವಾರ ಯೋಚಿಸಿ, ಒಬ್ಬರೇ ಅವರ ಮನೆಗೆ ಹೋಗಿ, ಆ ರಬ್ಬರಿನ ತುಂಡುಗಳನ್ನು ಮುಂದಿಟ್ಟರು.

ಹಿರಿಯರು ತುಂಡುಗಳನ್ನು ಕೈಗೆತ್ತಿಕೊಂಡು ಗುರುತಿಸಿದರು. ಹನೂರಿನ ಕಡೆಯ ಬೆಟ್ಟದ ದಾರಿಗಾಗಿ ಒಮ್ಮೆ ದೊಡ್ಡ ಟೈರು ಹಾಕಿಸಿದ್ದರಂತೆ; ಅವು ಹಿಂದೆ ಬಾಡಿಗೆ ತಗಲಿದಾಗ ರಸ್ತೆಬದಿಯ ಗ್ಯಾರೇಜಿನಲ್ಲಿ ಈ ತುಂಡುಗಳನ್ನು ಇಡಿಸಿದರಂತೆ. ಮಾರುವ ಮುಂಚೆ ಹಳೆಯ ಟೈರುಗಳನ್ನೇ ಹಾಕಿಸಿದರು. ತುಂಡುಗಳ ಸಂಗತಿ ಮರೆತುಹೋಯಿತು. "ನಾನು ಸುಳ್ಳು ಹೇಳಲಿಲ್ಲ. ಆದರೆ ಹೇಳಬೇಕಾದ್ದನ್ನು ಹೇಳಲೂ ಇಲ್ಲ" ಎಂದು ಅವರು ತಲೆ ತಗ್ಗಿಸಿದರು. ರಿಪೇರಿಯ ಹಣ ಕೊಡಲು ಬಂದಾಗ ವರ್ತಕರು ಮೊದಲು ನಿರಾಕರಿಸಿದರು. ಅನಂತರ, ತೆಗೆದುಕೊಳ್ಳದಿದ್ದರೆ ಹಿರಿಯರ ಮನಸ್ಸಿನಲ್ಲಿ ಋಣ ಉಳಿಯುವುದೆಂದು ತಿಳಿದು, ಬುಷ್ಷು ಬೋಲ್ಟುಗಳ ಬೆಲೆಯನ್ನಷ್ಟೇ ರಸೀದಿ ತೋರಿಸಿ ಪಡೆದರು.

ಇಲ್ಲಿ ಕ್ರೌರ್ಯವಿರಲಿಲ್ಲ, ವಂಚನೆಯ ಸಂಕಲ್ಪವೂ ಇರಲಿಲ್ಲ. ಇದ್ದದ್ದು ಪ್ರಮಾದ. ಹಿಂಸೆಗೆ ಪ್ರಮಾದವೇ ಮೂಲವೆಂದು ನಮ್ಮ ಶಾಸ್ತ್ರಗಳು ಹೇಳುವಾಗ ಅದನ್ನು ನಡಿಗೆಗೂ ಅಡಿಗೆಮನೆಗೂ ಮಾತ್ರ ಅನ್ವಯಿಸಿ ಸುಮ್ಮನಾಗುವುದು ವಾಡಿಕೆ. ಜನರನ್ನು ಹೊರುವ ಯಂತ್ರದ ಒಂದು ಬೋಲ್ಟಿನಲ್ಲಿಯೂ ಅದು ಮನೆಮಾಡಿಕೊಂಡಿರಬಲ್ಲದು.

ಹಾಗೆಂದು ಗಾಡಿಯ ಬಾಡಿಯನ್ನು ಎತ್ತಿಸುವುದೇ ದೋಷವೆಂದಲ್ಲ. ಕೆಸರು ಕಲ್ಲುಗಳ ನಡುವೆ ಗಾಡಿಯನ್ನು ನಡೆಸಲೇಬೇಕಾದವರಿಗೆ ಅದು ಉಪಯುಕ್ತವಾದೀತು. ಆದರೆ ಅಗತ್ಯ ಯಾವುದು, ಆಡಂಬರ ಯಾವುದು ಎಂಬುದನ್ನು ಮೊದಲು ಅಳೆಯಬೇಕು. ಕಾನೂನಿನ ಅಂಕೆಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ; ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ ವಿಧಿಸಬಹುದು. ಆದಕಾರಣ ಬದಲಿಸಬಯಸುವವರು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು, ವಿಮೆಯವರಿಗೂ ಮುಂದೆ ಕೊಳ್ಳುವವರಿಗೂ ಬದಲಾವಣೆಯನ್ನು ತಿಳಿಸುವುದು ಕರ್ತವ್ಯ.

ಹೊನ್ನೂರಿನ ವರ್ತಕರು ಜೀಪನ್ನು ಎತ್ತಿಸಲಿಲ್ಲ, ದಾರಿಯನ್ನು ಎತ್ತಿಸಿದರು. ಅಕ್ಕಪಕ್ಕದ ತೋಟದವರೊಡನೆ ಕೂಡಿ ಜಾಡುಗಳಿಗೆ ಕಲ್ಲು, ಗ್ರಾವೆಲ್ ತುಂಬಿಸಿ, ನೀರು ಹರಿಯಲು ಬದಿಯಲ್ಲಿ ಕಾಲುವೆ ತೆಗೆಸಿದರು. ಬೆಲ್ಲದ ಮೂಟೆಗಳನ್ನು ಒಂದು ಸಲದ ಬದಲು ಎರಡು ಸಲ ಸಾಗಿಸಿದರು. ಈಗ ಆ ದಾರಿಯಲ್ಲಿ ಜೀಪಷ್ಟೇ ಅಲ್ಲ, ಎತ್ತಿನ ಗಾಡಿಯೂ ಹುಲ್ಲಿನ ಹೊರೆ ಹೊತ್ತ ಹೆಂಗಸರೂ ಸುಲಭವಾಗಿ ಹೋಗುತ್ತಾರೆ. ಬಿಲ್ಲೆಗಳನ್ನು ಮಗನು ಮೈಸೂರಿನ ಅಂಗಡಿಗೆ ಹಿಂದಿರುಗಿಸಿದನು.

ಜೀಪಿನ ಖಾನೆಯಲ್ಲಿ ಈಗ ಒಂದು ಚಿಕ್ಕ ಲೆಕ್ಕದ ಪುಸ್ತಕವಿದೆ. ಅದರ ಮೊದಲ ಪುಟದಲ್ಲಿ ದಿನಾಂಕದ ಕೆಳಗೆ ವರ್ತಕರು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ: ಹಿಂಭಾಗ, ಎಡ ಮತ್ತು ಬಲ, ಟೈರಿನ ತುಂಡು ತೆಗೆಸಿದೆ, ಬುಷ್ಷು 2, ಬೋಲ್ಟು 2 ಹೊಸದು. ಅನಂತರದ ಪ್ರತಿಯೊಂದು ರಿಪೇರಿಯೂ ಅದರಲ್ಲಿದೆ. ಜೀಪು ಮುಂದೆ ಯಾರ ಕೈಗೆ ಹೋದರೂ ಪುಸ್ತಕವೂ ಅದರ ಜೊತೆಯಲ್ಲೇ ಹೋಗಬೇಕೆಂದು ಮಗನಿಗೆ ತಿಳಿಸಿದ್ದಾರೆ. ಅದನ್ನು ಕಂಡ ಆ ಹಿರಿಯರು ಟ್ರಸ್ಟಿನ ಮುಂದಿನ ಸಭೆಯಲ್ಲಿ, ಯಾತ್ರಿಕರನ್ನು ಕರೆತರುವ ಬಸದಿಯ ವ್ಯಾನಿಗೂ ಅಂಥದೇ ಪುಸ್ತಕವನ್ನು ತೆರೆಸಿದರು. ಏಕೆ ಎಂದು ಕೇಳಿದ ಸದಸ್ಯರಿಗೆ ತಮ್ಮ ಮರೆವಿನ ಕಥೆಯನ್ನು ತಾವೇ ಹೇಳಿದರು.